ಜಪಾನಿ ಕಾರೂ ಮುದ್ದೇಬಿಹಾಳದ ಕನ್ಯೆಯೂ

ಇಂಡಿ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಗುರುರಾಜ ಮಾಸ್ತರ ಕೆಟ್ಟದ್ದು ಒಂದು ಬಾಗಿಲ ಸಪ್ಪಳದಿಂದ. ಸೊಲ್ಲಾಪುರದಲ್ಲಿ ಹಳೆಯ ಗಾಡಿಗಳ ದಲಾಲಿ ಮಾಡುತ್ತಿದ್ದ ಕುತುಬುದ್ದೀನ ಒಂದು ಜಪಾನಿ ಕಾರಿನ ಮುಂಬಾಗಿಲನ್ನು ತೆರೆದು ಮೆಲ್ಲಗೆ ದೂಡಿದ. ಅದು ‘ಟಪ್’ ಎಂದು ಮುಚ್ಚಿಕೊಂಡಿತು.

“ಕೇಳಿದ್ರೇನ್ರಿ ಮಾಸ್ತರ? ನಮ್ಮ ಕಡಿ ಗಾಡಿ ಬಾಗಲಾ ಹಾಕಿದ್ರ ತಗಡಿನ ಟ್ರಂಕ ಬಿದ್ದಂಗ ಅಕ್ಕೈತಿ. ಇದು ನೋಡ್ರಿ, ತಿಜೋರಿ!”

ಮಾಸ್ತರ ಸೊಲ್ಲಾಪುರಕ್ಕೆ ಹೋಗಿದ್ದು ಸೆಕೆಂಡ್‌ಹ್ಯಾಂಡ್ ಸ್ಕೂಟರು ಕೊಳ್ಳಲು. ಆ ಸಪ್ಪಳ ಕೇಳಿದ ಮೇಲೆ ಸ್ಕೂಟರು ಮರೆತೇ ಹೋಯಿತು. ಹುಡುಗರು ಲೆಕ್ಕದಲ್ಲಿ ಒಂದು ಹಂತ ಬಿಟ್ಟರೆ ಕಿವಿ ಹಿಂಡುವ ಮನುಷ್ಯ, ತಾನು ಮಾತ್ರ ಎಲ್ಲ ಹಂತಗಳನ್ನೂ ಹಾರಿ ಒಮ್ಮೆಲೇ ಉತ್ತರಕ್ಕೆ ಹೋಗಿ ನಿಂತ. ಕಾರು ಕೊಂಡ.

ನಿಜ ಹೇಳಬೇಕೆಂದರೆ ಅದಕ್ಕೆ ಬೇರೆಯೇ ಕಾರಣವಿತ್ತು. ಅದರ ಹೆಸರು ಇಂದು. ಮುದ್ದೇಬಿಹಾಳದ ಪ್ರಹ್ಲಾದರಾವ್ ವಕೀಲರ ಮಗಳು. ಯಾರದೋ ಮದುವೆಯಲ್ಲಿ ಪಂಕ್ತಿಗೆ ಚಿರೋಟಿ ಬಡಿಸುತ್ತ ಬಂದವಳು, “ಇನ್ನೊಂದು ಹಾಕ್ಲೇನ್ರಿ?” ಎಂದು ಕೇಳಿ ನಕ್ಕಿದ್ದಳು. ಅವಳು ಮತ್ತೆ ಮತ್ತೆ ಬರಲೆಂದು ಮಾಸ್ತರ ಮತ್ತೆ ಮತ್ತೆ ಹಾಕಿಸಿಕೊಂಡ. ಹೊಟ್ಟೆನೋವು ಮರುದಿನ ಹೋಯಿತು. ಇಂದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಆದರೆ ಸೈಕಲ್ಲಿನ ಮೇಲೆ ಸಾಲೆಗೆ ಹೋಗುವ ಮಾಸ್ತರನಿಗೆ ವಕೀಲರು ಮಗಳನ್ನು ಕೊಟ್ಟಾರೆಯೇ? ಅದಕ್ಕೇ ಆ ‘ಟಪ್’ ಕಿವಿಗೆ ಬಿದ್ದಾಗ ವಕೀಲರ ಮನೆಯ ಮುಂದೆ ತಾನು ಕಾರಿನಿಂದ ಇಳಿಯುವುದು ಅವನ ಕಣ್ಣ ಮುಂದೆ ಬಂದಿತ್ತು.

ಕಾರು ಇಂಡಿಗೆ ಬಂದಮೇಲೆ ಗೊತ್ತಾಯಿತು, ಅದರ ಸಾಮಾನು ಮುಂಬಯಿಯ ಈಚೆಗೆ ಎಲ್ಲೂ ಸಿಗುವುದಿಲ್ಲವೆಂದು. ಪೆಟ್ರೋಲು ಟಾಕಿ ಸೋರಿತು. ಅದಕ್ಕೆ ಬಟ್ಟೆ ಸಾಬೂನು ಮೆತ್ತಿದ. ಹಾರ್ನು ಸತ್ತಿತು, ಸೈಕಲ್ಲಿನ ಗಂಟೆ ಬಿಚ್ಚಿ ಕಿಟಕಿಗೆ ಕಟ್ಟಿದ. ಪೆಟ್ರೋಲಿನ ದರ ಗಗನಕ್ಕೇರಿದ ವರ್ಷವದು, ಆದ್ದರಿಂದ ಇಳಿಜಾರು ಕಂಡರೆ ಸಾಕು ಎಂಜಿನ್ ಆರಿಸಿಬಿಡುತ್ತಿದ್ದ. ಇಷ್ಟಾದರೂ ಹೆಣ್ಣು ಕೇಳಿ ಕಳಿಸಿದ, ಕುಂಡಲಿ ಕೂಡಿತು. ‘ಹುಡುಗನದು ಸ್ವಂತ ಕಾರು’ ಎಂಬ ಮಾತು ಮುದ್ದೇಬಿಹಾಳ ಮುಟ್ಟಿತು. ರವಿವಾರ ಬನ್ನಿ ಎಂದು ವಕೀಲರು ಹೇಳಿ ಕಳಿಸಿದರು. ಮಾಸ್ತರನಿಗೆ ಎರಡು ರಾತ್ರಿ ನಿದ್ದೆಯಿಲ್ಲ.

ರವಿವಾರ ಬೆಳಿಗ್ಗೆ ತಾಯಿ ರುಕ್ಮಿಣೀಬಾಯಿ ಅರಿಷಿಣ-ಕುಂಕುಮದ ಡಬ್ಬಿ, ಕುಪ್ಪಸದ ಕಣ, ತೆಂಗಿನಕಾಯಿ ಹಿಡಿದು ಕಾರು ಹತ್ತಿದರು. ಅಷ್ಟರಲ್ಲಿ ಪಕ್ಕದ ಮನೆಯ ಬಟ್ಟೆ ಅಂಗಡಿ ಶಂಕರೆಪ್ಪ, ಹೊಸದಾಗಿ ದಾಡಿ ಮಾಡಿಸಿ, ರುಮಾಲು ಸುತ್ತಿ, ಕರೆಯದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟ.

“ವಕೀಲರ ಮನಿಗಿ ಹೊಂಟೀರಿ. ನಿಮ್ಮ ಕಡಿಂದ ಮಾತಾಡವ್ರು ಒಬ್ರು ಬ್ಯಾಡೇನ್ರಿ ಮಾಸ್ತರ?”

ರುಕ್ಮಿಣೀಬಾಯಿ ಎದೆ ಮೇಲೆ ಕೈಯಿಟ್ಟುಕೊಂಡರು. “ಅಯ್ಯ ದೇವರ! ಮೂರು ಮಂದಿ ಆತಲ್ಲೊ ಗುರು! ಹೆಣ್ಣು ನೋಡ್ಲಿಕ್ಕೆ ಯಾರರೆ ಮೂರು ಮಂದಿ ಹೋಗ್ತಾರೇನು?”

ಇನ್ನೊಬ್ಬರಾಗಿದ್ದರೆ ಇಳಿದು ಹೋಗುತ್ತಿದ್ದರು. ಶಂಕರೆಪ್ಪ ಇಳಿಯುವ ಪೈಕಿಯಲ್ಲ. “ಅದಕ್ಯಾಕ ಚಿಂತಿ ಮಾಡ್ತೀರಿ ಬಾಯಾರ? ಏ ಚನ್ನವ್ವಾ, ಬಾ ಬಾ, ನಾಕು ಮಂದಿ ಆಗೂಣು!” ಎಂದು ಕೂಗಿದ.

ಹೆಂಡತಿ ಚನ್ನವ್ವ ಒಳಗೆ ತಯಾರಾಗಿಯೇ ನಿಂತಿದ್ದಳೇನೋ. ಬಗಲಲ್ಲಿ ರೊಟ್ಟಿಯ ಗಂಟು, ಸೊಂಟದ ಮೇಲೆ ಮಜ್ಜಿಗೆಯ ದೊಡ್ಡ ಗಡಿಗೆ. “ಒಗ್ಗರಣಿ ಹಾಕಿದ್ದೈತ್ರಿ, ಬಿಸಲಾಗ ತಂಪ” ಎನ್ನುತ್ತ ಅವಳು ಹಿಂದೆ ಕೂತದ್ದೇ ತಡ, ಕಾರಿನ ಮೂತಿ ಆಕಾಶ ನೋಡಿತು.

ಸಿಂದಗಿಯವರೆಗೆ ಏನೂ ಆಗಲಿಲ್ಲ. ಅದೇ ಮಾಸ್ತರನಿಗೆ ಹೆದರಿಕೆ. ಸಿಂದಗಿ ದಾಟಿದ ಮೇಲೆ ಚನ್ನವ್ವ, ಬಾಗೇವಾಡಿ ಬಸವಣ್ಣಗ ಕಾಯಿ ಒಡಸದ ಮುಂದ ಹೋಗೂದಿಲ್ಲ ಎಂದಳು. ಕಾಯಿ ಒಡೆಸಿ ಬಂದರೆ ಕಾರು ಮಿಸುಕಲಿಲ್ಲ. ಗುಡಿಗೆ ಬಂದವರೆಲ್ಲ ಸುತ್ತ ನೆರೆದರು. ಒಬ್ಬ ಬ್ಯಾಟರಿ ಎಂದ, ಒಬ್ಬ ದೃಷ್ಟಿ ಎಂದ, ಒಬ್ಬ “ಹಿಂದ ಕುಂತ ಅವ್ವಾರು ಇಳಿದ್ರ ಹೊಕ್ಕೈತಿ ನೋಡ್ರಿ” ಎಂದು ಚನ್ನವ್ವನಿಂದ ಬೈಸಿಕೊಂಡ. ಕಡೆಗೆ ಎಲ್ಲರೂ ಕೂಡಿ ದೂಡಿದಾಗ ಕಾರು ಕೆಮ್ಮಿ, ಕ್ಯಾಕರಿಸಿ, ಹೊರಟಿತು.

ಬಾಗೇವಾಡಿ ಹಿಂದೆ ಬಿದ್ದು ಕರಿ ಎರೆಹೊಲಗಳ ನಡುವೆ ಬಂದಾಗ ಬಾನೆಟ್ಟಿನಿಂದ ಹೊಗೆ ಎದ್ದಿತು. ಇಳಿದು ನೋಡಿದರೆ ಹೊಗೆಯಲ್ಲ, ಉಗಿ. ರೇಡಿಯೇಟರು ಸೋರಿ ಸೋರಿ ಬತ್ತಿ ಹೋಗಿತ್ತು. ಸುತ್ತ ಬಾವಿಯಿಲ್ಲ, ಹಳ್ಳವಿಲ್ಲ, ನೆರಳಿಗೊಂದು ಜಾಲಿ ಗಿಡವೂ ಇಲ್ಲ. ತಂದಿದ್ದ ನೀರನ್ನು ಶಂಕರೆಪ್ಪ ಸಿಂದಗಿಯಲ್ಲೇ ಕುಡಿದು ಮುಗಿಸಿದ್ದ.

“ಸೋರೂದು ನಿಂದ್ರಬೇಕಂದ್ರ ಅರಿಷಿಣ ಹಾಕಬೇಕ್ರಿ. ಲಾರಿಯವ್ರು ಹಂಗಽ ಮಾಡ್ತಾರ” ಎಂದ ಶಂಕರೆಪ್ಪ. ಅವನ ಕಣ್ಣು ರುಕ್ಮಿಣೀಬಾಯಿಯವರ ಡಬ್ಬಿಯ ಮೇಲಿತ್ತು.

ಅವರು ಡಬ್ಬಿಯನ್ನು ಕೂಸಿನಂತೆ ಅವಚಿಕೊಂಡರು. “ಏನಂದ್ರಿ? ಸೊಸಿಗೆ ಹಚ್ಚೋ ಅರಿಷಿಣ ಈ ಸುಡುಗಾಡು ಯಂತ್ರಕ್ಕ?”

“ಯಂತ್ರ ಹೋಗದಿದ್ರ ಸೊಸಿ ಎಲ್ಲಿಂದ ಬರ್ತಾಳ್ರಿ ಬಾಯಾರ?”

ಡಬ್ಬಿ ಕೈ ಬದಲಾಯಿಸಿತು. ಅರಿಷಿಣವೇನೋ ಒಳಗೆ ಹೋಯಿತು. ನೀರು? ಮೂವರ ದೃಷ್ಟಿ ಒಟ್ಟಿಗೆ ಚನ್ನವ್ವನ ಗಡಿಗೆಯ ಮೇಲೆ ಹೋಯಿತು.

“ನನ್ನ ಮಜ್ಜಿಗಿ!” ಚನ್ನವ್ವ ಚೀರಿದಳು. “ಎಮ್ಮಿ ಮಜ್ಜಿಗಿ ಕಾರಿಗಿ ಕುಡಸ್ತೀರಾ? ನಿಮಗ ತಲಿ ಕೆಟ್ಟೈತೇನು?”

ಶಂಕರೆಪ್ಪ ರುಮಾಲು ಬಿಚ್ಚಿ, ಸಾಸಿವೆ ಕರಿಬೇವು ಹೋಗದ ಹಾಗೆ ಸೋಸಿ, ಗಡಿಗೆಯನ್ನು ಪೂರ್ತಿ ಬಗ್ಗಿಸಿದ. ಮಾಸ್ತರ ಕಣ್ಣು ಮುಚ್ಚಿ ರಾಯರನ್ನು ನೆನೆದ. ಕಾರು ಹೊರಟಿತು! ಸಂತೋಷವೋ ಗಾಬರಿಯೋ ತಿಳಿಯದೆ ಅವನಿಗೆ ಕಣ್ಣಲ್ಲಿ ನೀರು ಬಂತು.

ಎರಡು ಮೈಲು ಹೋಗುವಷ್ಟರಲ್ಲಿ ವಾಸನೆ ಶುರುವಾಯಿತು. ಅರಿಷಿಣ, ಜೀರಿಗೆ, ಇಂಗು, ಹುಳಿ ಮಜ್ಜಿಗೆ ಎಲ್ಲ ಕೂಡಿ ಎಂಜಿನ್ನಿನ ಬಿಸಿಗೆ ಹದವಾಗಿ ಕುದಿಯುತ್ತಿದ್ದವು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಸೋಮನಿಂಗ ಎಂಬವನು ಮೂಗು ಅರಳಿಸಿ ನಿಂತುಬಿಟ್ಟ.

“ಯಾಕೋ ಸೋಮನಿಂಗಾ, ಏನ ನೋಡ್ತಿ?” ಎಂದು ಗುರುತಿದ್ದ ಶಂಕರೆಪ್ಪ ಕೇಳಿದ.

“ಯಪ್ಪಾ, ಮಜ್ಜಿಗಿ ಸಾರು ಮಾಡ್ಕೋಂತ ಹೊಂಟೀರೇನ್ರಿ? ಕುದ್ದು ಉಕ್ಕಾಕತ್ತೈತಲ್ರಿ, ಇಳಸ್ರಿ!”

ಅವನು ಹೇಳಿದ್ದು ಸುಳ್ಳಲ್ಲ. ರೇಡಿಯೇಟರಿನ ಮುಚ್ಚಳ ಹಾರಿ, ಹಳದಿ ನೊರೆ ಗಾಜಿನ ತುಂಬ ಸಿಡಿಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ ಮಾಸ್ತರನ ಬಿಳಿ ಅಂಗಿ, ಮುಖ, ಮೀಸೆ ಎಲ್ಲ ಹಳದಿಯಾದವು. ಎಣ್ಣೆಶಾಸ್ತ್ರ ಮುಗಿಸಿಕೊಂಡು ಬಂದ ಮದುಮಗನ ಹಾಗೇ ಕಾಣುತ್ತಿದ್ದ. ಇದೂ ಒಂದು ಶುಭಶಕುನವೇ ಎಂದು ಶಂಕರೆಪ್ಪ ಧೈರ್ಯ ಹೇಳಿದ.

ಮುದ್ದೇಬಿಹಾಳದಲ್ಲಿ ಪ್ರಹ್ಲಾದರಾವ್ ವಕೀಲರು ಕೋಟು ಟೋಪಿ ಧರಿಸಿ, ಕೈ ಜೋಡಿಸಿ, ಮನೆಯ ಕಟ್ಟೆಯ ಮೇಲೆ ನಿಂತಿದ್ದರು. ಒಳಗಿನಿಂದ ಶಿರಾಕ್ಕೆ ರವೆ ಹುರಿದ ತುಪ್ಪದ ಪರಿಮಳ ಬರುತ್ತಿತ್ತು. ಕಾರು ಓಣಿಯ ತಿರುವಿನಲ್ಲಿ ಕಂಡಿತು. ವಕೀಲರ ಮುಖದ ನಗು ಇನ್ನೂ ಇತ್ತು. ಕಾರು ಹತ್ತಿರ ಬಂತು. ನಗು ಮಾಯವಾಯಿತು. ಕಾರು ಬಾಗಿಲ ಮುಂದೆ ಒಮ್ಮೆ ತೇಗಿ ನಿಂತಿತು. ವಕೀಲರು ಕಂಬ ಹಿಡಿದುಕೊಂಡರು.

“ಇದು… ಇದು ಹ್ಯಾಂಗ ಬಂತು ಇಲ್ಲಿ?”

“ಸಿಂದಗಿ ಮ್ಯಾಗ ಹಾದು ಬಂತ್ರಿ” ಎಂದ ಶಂಕರೆಪ್ಪ ನಮ್ರನಾಗಿ.

ವಕೀಲರು ಅವನ ಕಡೆ ನೋಡಲಿಲ್ಲ. ಒಳಗೆ ತಿರುಗಿ, ಕಳ್ಳರು ಹೊಕ್ಕ ಮನೆಯವರಂತೆ ಕೂಗಿದರು: “ಏ ಇವಳಽ! ಹೊರಗ ಬಾ! ಅದು ತಿರುಗಿ ಬಂದದ!”

ಅವರ ಹೆಂಡತಿ ಸೌಟು ಹಿಡಿದೇ ಓಡಿ ಬಂದರು. ಕಾರನ್ನು ಕಂಡರು. ಸೌಟು ಕೈಯಿಂದ ಜಾರಿತು. “ಅಯ್ಯ, ನನ್ನ ರಾಘವೇಂದ್ರಾ!” ಎಂದು ಹೊಸ್ತಿಲ ಮೇಲೆ ಕುಸಿದರು.

ಮಾಸ್ತರನಿಗೆ ಏನೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಎರಡು ವರ್ಷ ಈ ಕಾರಿನ ಸಂಗಡ ಸಂಸಾರ ಮಾಡಿ, ರೋಸಿ, ಸೊಲ್ಲಾಪುರಕ್ಕೆ ಸಾಗಿಸಿ ಕುತುಬುದ್ದೀನನ ಕೊರಳಿಗೆ ಕಟ್ಟಿದವರು ಇದೇ ಪ್ರಹ್ಲಾದರಾಯರು. ವಕೀಲರಾಗಿದ್ದರೂ ಕಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ, ಹಾಗಾಗಿ ಕಾಗದಪತ್ರದಲ್ಲೂ ಅವರ ಹೆಸರಿರಲಿಲ್ಲ.

“ವಾಪಸ ಮಾಡ್ಲಿಕ್ಕೆ ಬಂದೀರೇನು?” ವಕೀಲರು ಎರಡೂ ಕೈ ಅಡ್ಡ ಹಿಡಿದರು. “ಮಾರಿದ ಮ್ಯಾಲೆ ಮುಗೀತು. ಕೋರ್ಟಿಗೆ ಹೋದ್ರೂ ನಾನು ತಗೊಳ್ಳೂದಿಲ್ಲ!”

“ಅಲ್ರಿ ರಾಯರ,” ರುಕ್ಮಿಣೀಬಾಯಿ ಅಂಜುತ್ತಲೇ ಮುಂದೆ ಬಂದರು. “ನಾವು ಇಂಡಿಯವರು. ಇವನಽ ನನ್ನ ಮಗ ಗುರುರಾಜ. ಹೆಣ್ಣು ನೋಡ್ಲಿಕ್ಕೆ ಬಂದೇವಿ.”

ವಕೀಲರು ಹಳದಿ ಮಾಸ್ತರನನ್ನು ನೋಡಿದರು, ಕಾರನ್ನು ನೋಡಿದರು, ಕಟ್ಟೆಯ ಮೇಲೆ ಕೂತುಬಿಟ್ಟರು. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವನು ಶಂಕರೆಪ್ಪ. ಅವನಿಗೆ ಕೇಸು ಗೆದ್ದಷ್ಟು ಹುರುಪು ಬಂತು.

“ಅಂದ್ರ ಈ ಡಬ್ಬಾ ಗಾಡಿ ಮಾರಿದವ್ರು ನೀವಽ ಏನ್ರಿ? ನಮ್ಮ ಹುಡುಗಗ ಟೋಪಿ ಹಾಕಿದವ್ರು ನೀವಽ? ಹಂಗಾದ್ರ ಮಾತಾಡೂದು ಏನ ಉಳೀತ್ರಿ? ಹೆಣ್ಣ ಕೊಟ್ಟು ಪಾಪ ಕಳಕೊಳ್ರಿ!”

ಮಾಸ್ತರನ ಎದೆಯಲ್ಲಿ ಆಸೆ ಚಿಗುರಿತು. ಅಷ್ಟರಲ್ಲಿ ವಕೀಲರು ಮೂಗಿನ ಮೇಲಿನ ಚಸ್ಮಾ ಸರಿಪಡಿಸಿಕೊಂಡರು. ಅವರೊಳಗಿನ ವಕೀಲ ಎದ್ದು ಕೂತಿದ್ದ.

“ಮಾಸ್ತರ್ರ, ಈ ಕಾರು ತಗೊಳ್ಳೂ ಮುಂದ ಬಾನೆಟ್ ತಗದು ನೋಡಿದ್ರ್ಯಾ?”

“ಇಲ್ರಿ.”

“ತೆಳಗ ಬಗ್ಗಿ?”

“ಇಲ್ರಿ.”

“ತಿಳಿದವರಿಗೆ ಯಾರಿಗರೆ ತೋರಿಸಿದ್ರ್ಯಾ?”

“ಇಲ್ರಿ.”

“ಮತ್ತ ಏನು ನೋಡಿ ತಗೊಂಡ್ರಿ?”

“ನೋಡ್ಲಿಕ್ಕೆ ಛಂದ ಇತ್ರಿ” ಎಂದ ಮಾಸ್ತರ, ಅಳುವ ದನಿಯಲ್ಲಿ.

“ನಮ್ಮ ಇಂದೂನ್ನ ಮದಿವಿಯೊಳಗ ನೋಡಿದಾಗ?”

“ಅವ್ರೂ ಛಂದ ಇದ್ರು… ಅದಕ್ಕಽ ಕೇಳಿ ಕಳಿಸಿದಿವ್ರಿ.”

ವಕೀಲರು ಎದ್ದು ನಿಂತರು. “ಕೇಳಿದ್ರೆಲ್ಲೋ ಎಲ್ಲಾರೂ? ಮೋಸ ಮಾಡಿದ್ದು ನಾನು, ಒಪ್ಪಿದೆ. ಆದ್ರ ನನಗೂ ಮರ್ಯಾದಿ ಅದ. ಈ ಕಾರು ಪಸಂದ ಮಾಡಿದ ಕಣ್ಣು ನಮ್ಮ ಹುಡುಗಿನ್ನ ಪಸಂದ ಮಾಡ್ಯಾವ ಅಂತ ನಾಳೆ ಊರಾಗ ಗೊತ್ತಾದ್ರ, ನಮ್ಮ ಹುಡುಗಿ ಬಗ್ಗೆ ಮಂದಿ ಏನ್ ತಿಳಕೊಂಡಾರು?”

ಮಾತಾಡಲೆಂದೇ ಬಂದ ಶಂಕರೆಪ್ಪ ರುಮಾಲಿನ ಮಜ್ಜಿಗೆ ಹಿಂಡತೊಡಗಿದ. ರುಕ್ಮಿಣೀಬಾಯಿ ಸೆರಗು ಬಾಯಿಗೆ ಹಿಡಿದರು.

ಮಾಸ್ತರ ಕೊನೆಯ ಆಸೆಯಿಂದ ಒಳಬಾಗಿಲ ಕಡೆ ನೋಡಿದ. ಶಿರಾದ ತಾಟು ಹಿಡಿದು ಇಂದು ನಿಂತಿದ್ದಳು. ಚಿರೋಟಿ ಬಡಿಸಿದ ದಿನಕ್ಕಿಂತ ಚೆಲುವಾಗಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಕಾರನ್ನು. ಅದೂ ಹಗಲು ಹೊತ್ತಿನಲ್ಲಿ ದೆವ್ವ ಕಂಡವಳ ಹಾಗೆ.

“ಬಂದೀರಿ, ಶಿರಾ ತಿಂದು ಹೋಗ್ರಿ” ಎಂದರು ವಕೀಲರು. ಶಂಕರೆಪ್ಪ, ಚನ್ನವ್ವ ತಿಂದರು. ಮಾಸ್ತರ ತಾಟು ಮುಟ್ಟಲಿಲ್ಲ.

ಹೊರಡಬೇಕೆಂದರೆ ಕಾರು ಹೊರಡಲಿಲ್ಲ. ಕೀಲಿ ತಿರುವಿದರೆ ಒಳಗೆ ಮಜ್ಜಿಗೆ ಗುಳುಗುಳು ಎಂದಿತು, ಅಷ್ಟೆ. ಇದು ಇನ್ನು ರಾತ್ರಿಯಿಡೀ ತಮ್ಮ ಬಾಗಿಲಲ್ಲೇ ನಿಂತೀತು ಎಂಬುದು ಹೊಳೆದದ್ದೇ ವಕೀಲರ ಮುಖ ಬಿಳುಪೇರಿತು. ಕೋಟು ಕಳಚಿ ಎಸೆದರು. ಧೋತರ ಮೇಲೆ ಕಟ್ಟಿದರು. ಗುಮಾಸ್ತನನ್ನು ಕೂಗಿದರು, ಎದುರು ಮನೆಯವರನ್ನು ಕೂಗಿದರು, ಹೆಂಡತಿಯನ್ನೂ ಕೂಗಿದರು. “ಹೂಂ, ಹಚ್ರಿ ಕೈ! ಊರು ದಾಟೂತನಕ ಬಿಡಬ್ಯಾಡ್ರಿ!”

ಕಾರು ಅಲುಗಿತು, ಉರುಳಿತು. ಸ್ಟಿಯರಿಂಗ್ ಹಿಡಿದ ಮಾಸ್ತರ ಕಣ್ಣೊರೆಸಿಕೊಂಡು ಮುಂದಿನ ಕನ್ನಡಿಯಲ್ಲಿ ಹಿಂದೆ ನೋಡಿದ. ವಕೀಲರು ಏದುಸಿರು ಬಿಡುತ್ತಿದ್ದರು. ಗುಮಾಸ್ತ ಸುಮ್ಮನೆ ಕೈ ತಾಗಿಸಿಕೊಂಡು ನಡೆಯುತ್ತಿದ್ದ. ಅವರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲ್ಲು ಕಚ್ಚಿ, ಎಲ್ಲರಿಗಿಂತ ಜೋರಾಗಿ ದೂಡುತ್ತಿದ್ದವಳು ಇಂದು.