ಎಲೆ ತೊಳೆಯುವವನ ಸುಗ್ರೀವಾಜ್ಞೆ

ಇಪ್ಪತ್ತೆರಡು ವರ್ಷಗಳಿಂದ ಎವೆಲಿಯೊ ಬಾಳೆ ಎಲೆ ತೊಳೆಯುತ್ತಲೇ ಬಂದಿದ್ದ. ಡಿಸೆಂಬರ್ ಬಂತೆಂದರೆ ಲಾ ವಿಕ್ಟೋರಿಯಾ ಊರಿನ ಮನೆಮನೆಯಲ್ಲೂ ಕ್ರಿಸ್ಮಸ್ಸಿನ ಅಯಾಕಾ ಕಟ್ಟುವ ಸಂಭ್ರಮ. ಎಲೆಯ ಮೇಲೆ ಮೆಕ್ಕೆಜೋಳದ ಹಿಟ್ಟು ತಟ್ಟುವವರು ಒಬ್ಬರು, ಮಾಂಸದ ಗೊಜ್ಜು ತುಂಬುವವರು ಒಬ್ಬರು, ಮಡಿಸಿ ದಾರ ಬಿಗಿಯುವವರು ಇನ್ನೊಬ್ಬರು. (ಹಿತ್ತಲಲ್ಲಿ ಸೊಂಟ ಹಿಡಿಸಿಕೊಂಡು ಇನ್ನೂರು ಎಲೆಗಳ ಎರಡೂ ಮಗ್ಗುಲು ಒರೆಸುವವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.) ರುಚಿ ನೋಡುವ ಸೌಟು ಅತ್ತೆ ದೋನ್ಯಾ ಕ್ರಿಸ್ಪಿನಾ ಅವರ ಸ್ವತ್ತು. ಅದನ್ನು ಮುಟ್ಟುವ ಧೈರ್ಯ ತೀರಿಹೋದ ಮಾವನವರಿಗೂ ಇರಲಿಲ್ಲ.

ಈ ಸಲ ಎವೆಲಿಯೊಗೆ ಟೀವಿಯಿಂದ ಜ್ಞಾನೋದಯವಾಯಿತು. ಸಂಸತ್ತಿನಲ್ಲಿ ಮೂರು ದಿನದಿಂದ ಒಂದೇ ಜಗಳ: ತುರ್ತು ಪರಿಸ್ಥಿತಿಯಲ್ಲಿ ಅಧ್ಯಕ್ಷರಿಗೆ ಸುಗ್ರೀವಾಜ್ಞೆಗಳ ಮೂಲಕವೇ ಆಳುವ ಅಧಿಕಾರ ಕೊಡಬೇಕೋ ಬೇಡವೋ ಎಂದು. ಶನಿವಾರ ಬೆಳಿಗ್ಗೆ ಎವೆಲಿಯೊ ತಿಂಡಿಯ ಮೇಜಿನ ಮುಂದೆ ಎದ್ದು ನಿಂತ.

"ಈ ಮನೇಲೂ ತುರ್ತು ಪರಿಸ್ಥಿತಿ ಇದೆ! ಉಪ್ಪಿಗೆ ಅರ್ಧ ಗಂಟೆ ಚರ್ಚೆ, ಒಣದ್ರಾಕ್ಷಿಗೆ ಒಂದು ಗಂಟೆ ಜಗಳ. ಸಂಜೆವರೆಗೆ ನನಗೆ ವಿಶೇಷಾಧಿಕಾರ ಕೊಡಿ. ನಾನು ಹೇಳಿದ್ದೇ ಕಾನೂನು."

"ಹೋದ ತಿಂಗಳು ನಲ್ಲಿ ರಿಪೇರಿ ಅಧಿಕಾರ ಕೊಟ್ಟಿದ್ವಲ್ಲ ಮಹರಾಯ," ಎಂದಳು ಹೆಂಡತಿ ನೊರೈಮಾ. "ಅಡುಗೆಮನೇಲಿ ಮೀನು ಸಾಕಬಹುದಿತ್ತು."

"ಅಧಿಕಾರ ಸಾಲದೇ ಹಾಗಾಯ್ತು!"

ಕಾನೂನು ಓದುತ್ತಿದ್ದ ಮಗಳು ಯುರೈಮಾ ಕೈಯೆತ್ತಿದಳು. "ನಾನು ವಿರೋಧ ಪಕ್ಷ. ಎಲ್ಲಾನೂ ಒಬ್ಬರ ಕೈಗೆ ಕೊಟ್ರೆ ವಾಪಸ್ ಬರಲ್ಲ ಅಪ್ಪಾ."

"ಕೊಡ್ರೇ ಪಾಪ, ಅಳಿಯಂದ್ರು ಆಸೆ ಪಡ್ತಿದಾರೆ," ಎಂದರು ಅತ್ತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. "ಆದ್ರೆ ಟೀವೀಲಿ ಹೇಳೋ ಹಾಗೇ ಇರ್ಲಿ. ಅಧ್ಯಕ್ಷರು ಗಡಿ ದಾಟಿದ್ರೆ ಅಧಿಕಾರ ಉಪಾಧ್ಯಕ್ಷರಿಗೆ. ಹಿರಿಯಳು ನಾನೇ ತಾನೆ?"

"ನಾನೆಲ್ಲಿಗೆ ಹೋಗ್ತೀನಿ ಅತ್ತೆ? ಧಾರಾಳವಾಗಿ ಸೇರಿಸೋಣ!" ಎಂದು ಎವೆಲಿಯೊ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡ. 'ಸುಗ್ರೀವಾಜ್ಞೆಯನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ' ಎಂದು ತಾನೇ ಇನ್ನೊಂದು ಸಾಲು ಸೇರಿಸಿ, ಖುಷಿಗೆ ಎರಡೆರಡು ಸಹಿ ಹಾಕಿದ.

ಮೊದಲನೇ ಆಜ್ಞೆಯಲ್ಲಿ ಎಲೆ ತೊಳೆಯುವ ಖಾತೆ ಮಗಳ ಪಾಲಾಯಿತು. ಎರಡನೆಯದರಲ್ಲಿ ಸೌಟು ರಾಷ್ಟ್ರೀಕರಣಗೊಂಡಿತು. (ಅತ್ತೆ ತುಟಿ ಪಿಟಕ್ಕೆನ್ನದೆ ಒಪ್ಪಿಸಿದರು. ಅಲ್ಲೇ ಅವನು ಎಚ್ಚೆತ್ತುಕೊಳ್ಳಬೇಕಿತ್ತು.) ಮೂರನೆಯದು ಒಣದ್ರಾಕ್ಷಿಯನ್ನು ಗಡೀಪಾರು ಮಾಡಿತು. ನಾಲ್ಕನೆಯದರಲ್ಲಿ, ದಾರ ಕಟ್ಟುವ ಘನಕಾರ್ಯವನ್ನೂ ಅಧ್ಯಕ್ಷರೇ ವಹಿಸಿಕೊಂಡರು. ಎವೆಲಿಯೊ ಗೊಜ್ಜಿನ ರುಚಿ ನೋಡಿದ, ಮತ್ತೆ ನೋಡಿದ, ಏಳನೇ ಸಲವೂ ನೋಡಿದ. ಇಪ್ಪತ್ತೆರಡು ವರ್ಷಗಳ ಅವಮಾನ ಗಂಟಲಲ್ಲಿ ಕರಗಿ ಇಳಿದುಹೋಯಿತು.

"ದಾರ ಎಲ್ಲಿ ಅಧ್ಯಕ್ಷರೇ?" ಎಂದರು ಅತ್ತೆ. "ಖಾತೆ ನಿಮ್ದು."

ಹೆಂಗಸರ ಕೈಗಳೆಲ್ಲ ಮೊಣಕೈವರೆಗೆ ಹಿಟ್ಟಿನಲ್ಲಿದ್ದವು. ಎವೆಲಿಯೊ ಟೋಪಿ ಹಾಕಿಕೊಂಡು ಠೀವಿಯಿಂದ ಹೊಸ್ತಿಲು ದಾಟಿದ. ಊರಿಗೆ ಊರೇ ಅಯಾಕಾ ಕಟ್ಟುತ್ತಿದ್ದ ದಿನ. ಮೂಲೆಯಂಗಡಿಯಲ್ಲಿ ದಾರ ಮುಗಿದಿತ್ತು. ಎರಡನೇ ಅಂಗಡಿಯಲ್ಲಿ ಉದ್ದನೆಯ ಸಾಲಿತ್ತು. ಒಂದೂವರೆ ಗಂಟೆಯ ನಂತರ ದಾರದ ಉಂಡೆ ಹಿಡಿದು ಬಂದರೆ, ಅವನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು, ಕೈಯಲ್ಲಿ ಸೌಟು. ಮಗಳು ಕ್ಯಾಲೆಂಡರ್ ಓದಿದಳು.

"ಐದನೇ ಆಜ್ಞೆ: ಹಿಂದಿನ ನಾಲ್ಕೂ ರದ್ದು. ಆರನೇದು: ಈ ಅಧಿಕಾರ ಮುಂದಿನ ಡಿಸೆಂಬರ್‌ವರೆಗೆ. ಏಳನೇದು: ಎಲೆ ತೊಳೆಯೋ ಖಾತೆ ಮಾಜಿ ಅಧ್ಯಕ್ಷರಿಗೆ."

"ನಾನು ವಾಪಸ್ ಬಂದೆನಲ್ಲ!"

"ಬಂದ್ರೆ ಅಧಿಕಾರ ವಾಪಸ್ ಕೊಡ್ಬೇಕು ಅಂತ ಎಲ್ಲಿ ಬರ್ದಿದೀಯಪ್ಪಾ? ಪ್ರಶ್ನಿಸಬಾರ್ದು ಅಂತ ಮಾತ್ರ ಬರ್ದಿದೀಯ. ಎರಡು ಸಹಿ ಬೇರೆ."

ಎವೆಲಿಯೊ ಹಿತ್ತಲಿಗೆ ಹೋದ. ತೊಟ್ಟಿಯ ಪಕ್ಕ ಎಲೆಗಳ ರಾಶಿ ಹಾಗೇ ಕಾಯುತ್ತಿತ್ತು. ಹತ್ತು ಎಲೆ ತೊಳೆದು ಕಿಟಕಿಯೊಳಗೆ ಇಣುಕಿದರೆ, ಅತ್ತೆ ತಮ್ಮ ಏಪ್ರನ್ನಿನ ಜೇಬಿನಿಂದ ದೊಡ್ಡದೊಂದು ದಾರದ ಉಂಡೆ ತೆಗೆದು ಮೊದಲ ಅಯಾಕಾ ಬಿಗಿಯುತ್ತಿದ್ದರು.

"ಅತ್ತೇ! ದಾರ ಮನೇಲೇ ಇತ್ತಾ?"

"ಇತ್ತಲ್ಲ ಅಳಿಯಂದ್ರೇ. ನೀವು ಕೇಳ್ಲೇ ಇಲ್ಲ, ಆಜ್ಞೆ ಮಾಡ್ತಾನೇ ಇದ್ರಿ," ಎಂದರು ಅತ್ತೆ. "ಆ ಎಲೆ ಹಿಂದುಗಡೇನೂ ಒರೆಸಿ."