ಕುರ್ಚಿಯ ಕೆಳಗಿನ ಸಾಲು

ತಲೆ ಇದ್ದವನಿಗೆ ಮನೆ ಬದಲಿಸುವುದೂ ಒಂದು ಕಷ್ಟವೇ? ಆಫೀಸಿನಲ್ಲಿ ‘ಶೀಟ್ ಸಾಮ್ರಾಟ’ ಎಂದೇ ಹೆಸರಾದ ನಾನು, ಮನೆಯ ಸಕಲ ವಸ್ತುಗಳನ್ನೂ ಕಂಪ್ಯೂಟರಿನ ಶೀಟಿಗೆ ಏರಿಸಿದೆ. ಸಾಲಿಗೊಂದು ಸಾಮಾನು, ಕೊನೆಯ ಕಾಲಂನಲ್ಲಿ ‘ಬೇಕು’ ಅಥವಾ ‘ಬೇಡ’. ‘ಬೇಡ’ ಎಂದು ಬರೆದರೆ ಸಾಕು, ಇಡೀ ಸಾಲು ತಾನಾಗಿಯೇ ಕೆಂಪಾಗಬೇಕು, ಹಾಗೊಂದು ರೂಲ್ ಹಾಕಿದೆ. ಕೆಂಪಾದದ್ದು ಗುಜರಿಗೆ, ಉಳಿದದ್ದು ಹೊಸ ಮನೆಗೆ.

“ಸಾಮಾನು ಕಣ್ಣೆದುರಿಗೇ ಇದ್ಯಲ್ರೀ, ಅದನ್ನೇ ಒಂದ್ಸಲ ನೋಡ್ಬಾರ್ದಾ?” ಎಂದಳು ಹೆಂಡತಿ.

“ಕಣ್ಣು ತಪ್ಪಬಹುದು ಕಣೇ, ಶೀಟ್ ತಪ್ಪಲ್ಲ,” ಎಂದೆ. ಹಾಗೆಂದ ನಾಲಿಗೆಯನ್ನು ಇವತ್ತಿಗೂ ಕಚ್ಚಿಕೊಳ್ಳುತ್ತಿದ್ದೇನೆ.

ಸಾಗಿಸುವ ದಿನ ಅವಳು ಹೊಸ ಮನೆ ಗುಡಿಸಲು ಹೋದಳು. ನಾನು ಲ್ಯಾಪ್‌ಟಾಪ್ ಹಿಡಿದು ಹಳೆ ಮನೆಯ ಬಾಗಿಲಲ್ಲಿ ದಂಡನಾಯಕನ ಹಾಗೆ ನಿಂತೆ. ಹೊಲಿಗೆ ಮೆಷಿನ್ ಎತ್ತಿದ ಆಳು, ಇದು ಚೆನ್ನಾಗೇ ಇದೆಯಲ್ಲ ಎಂದು ಅನುಮಾನಿಸಿದ. ನಾನು ಮೆಷಿನ್ ಕಡೆ ತಿರುಗಿಯೂ ನೋಡಲಿಲ್ಲ, ಪರದೆ ನೋಡಿದೆ. ಸಾಲು ಕೆಂಪಗಿತ್ತು. ಗುಜರಿಗೆ ಎಂದು ಅಪ್ಪಣೆ ಕೊಡಿಸಿದೆ!

ಸಂಜೆ ಹೊಸ ಮನೆಯಲ್ಲಿ ನನ್ನನ್ನು ಸ್ವಾಗತಿಸಿದ್ದು ಕಾಲು ಮುರಿದ ಕುರ್ಚಿ. ಅದಕ್ಕೆ ನಾನೇ ‘ಬೇಡ’ ಎಂದು ಬರೆದಿದ್ದೆ! ಶೀಟ್ ತೆಗೆದು ರೂಲ್ ನೋಡಿದೆ. ಬಣ್ಣ ಬಳಿಯಲು ತಲೆಬರಹದ ಸಾಲು ಬಿಟ್ಟು ಎರಡನೆಯ ಸಾಲಿನಿಂದ ಆರಿಸಿ, ರೂಲಿನಲ್ಲಿ ಮಾತ್ರ ಒಂದನೆಯ ಸಾಲು ನೋಡು ಎಂದು ಬರೆದುಬಿಟ್ಟಿದ್ದೆ. ಹಾಗಾಗಿ ಯಾವುದಕ್ಕೆ ‘ಬೇಡ’ ಎಂದರೂ ಅದರ ಕೆಳಗಿನ ಸಾಲು ಕೆಂಪಾಗುತ್ತಿತ್ತು. ಕುರ್ಚಿಯ ಕೆಳಗಿನ ಸಾಲಲ್ಲಿದ್ದದ್ದು ಅತ್ತೆಯವರ ಹೊಲಿಗೆ ಮೆಷಿನ್. ನನ್ನವಳ ಬಾಲ್ಯದ ಅಂಗಿಗಳನ್ನೆಲ್ಲ ಅತ್ತೆ ಹೊಲಿದದ್ದು ಅದರಲ್ಲೇ. ಅವರು ತೀರಿಕೊಂಡ ಮೇಲೆ ಇವಳು ತವರಿನಿಂದ ತಂದದ್ದೂ ಅದೊಂದನ್ನೇ.

ಎದ್ದೆನೋ ಬಿದ್ದೆನೋ ಎಂದು ಗುಜರಿ ಅಂಗಡಿಗೆ ಓಡಿದೆ. ಅಷ್ಟರಲ್ಲಿ ಮೆಷಿನ್ ಒಡೆದು ಕಬ್ಬಿಣದ ರಾಶಿಗೆ ಹಾಕಿಯಾಗಿತ್ತು. ಹುಡುಕಿ ಹುಡುಕಿ ಸಿಕ್ಕಿದ್ದು ಕೈಚಕ್ರ ಮಾತ್ರ. ಅದನ್ನೇ ತಂದು ಅವಳ ಕೈಗಿಟ್ಟೆ. ಅವಳು ಅಂಗೈಯಿಂದ ಧೂಳು ಒರೆಸಿ, ಮಡಿಲಲ್ಲಿಟ್ಟುಕೊಂಡು ಸುಮ್ಮನೆ ತಿರುಗಿಸುತ್ತ ಕೂತಳು. ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ತಪ್ಪಾಯ್ತು ಕಣೇ,” ಎಂದೆ.

ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಕೇಳಿದಳು: “ಆ ಶೀಟಲ್ಲಿ ನಿಮ್ಮ ಹೆಸರಿದ್ಯಾ?”

“ಇಲ್ಲ. ನಾನೇನು ಸಾಮಾನೇ?”

“ಸೇರ್ಸಿ,” ಎಂದಳು. “ಕುರ್ಚಿ ಕೆಳಗಿನ ಸಾಲಲ್ಲಿ.”