ಬಾಣಂತಿ ಕೋಣೆಯ ಕಾವಲು

ಎಲ್ಲ ಶುರುವಾದದ್ದು ಬಾಗಿಲಿಗೆ ಅಂಟಿಸಿದ ಚೀಟಿಯಿಂದ. ‘ಒಳಗೆ ಬಾಣಂತಿ ಇದ್ದಾಳೆ. ಯಾರೂ ಬರಬಾರದು.’

ಬರೆದವನು ಪ್ರಯೋಗಾಲಯದ ಇಲಿಗಳನ್ನು ಸಾಕುವ ಇಲಿಮಾವ. ಅದುವರೆಗೆ ಆ ಕೋಣೆಯ ಕಡೆ ತಲೆ ಹಾಕಿಯೂ ಮಲಗದಿದ್ದವರಿಗೆಲ್ಲ ಅಂದೇ ಬಾಣಂತಿಯ ಮೇಲೆ ಮಮತೆ ಉಕ್ಕಿತು.

ಹೆತ್ತ ಇಲಿ ಗದ್ದಲಕ್ಕೆ ಬೆದರಿದರೆ ಮರಿಗಳನ್ನೇ ತಿಂದುಬಿಡುತ್ತದೆ. ಹೋದ ಸಲ ಹಾಗೇ ಆಗಿತ್ತು. “ಈ ಸಲವೂ ಮರಿ ಉಳೀಲಿಲ್ಲ ಅಂದ್ರೆ ನಿಮಗೆ ಗೋಡೌನೇ ಗತಿ,” ಎಂದಿದ್ದರು ದೊಡ್ಡ ಸಾರ್. ಗೋಡೌನೆಂದರೆ ಮೂಟೆ ಹೊರುವ ಕೆಲಸ. ಇಲಿಮಾವನ ಸೊಂಟ ಆಗಲೇ ಕೈಕೊಟ್ಟಿತ್ತು.

ಮೊದಲು ಕಾವಲಿನವನು ತುದಿಗಾಲಲ್ಲಿ ಬಂದ. “ಹೇಗಿದ್ದಾಳೆ ಮಾವ?” ಎಂದು ಪಿಸುಗುಟ್ಟಿದ.

“ನಿನ್ನ ಮಗಳೇನೋ ಹೆತ್ತಿರೋದು? ನಡಿ ಹೊರಗೆ!”

ಆಮೇಲೆ ಲೆಕ್ಕದ ಮೇಡಂ. ಹಸಿ ಕಡಲೆಬೀಜದಂತೆ ಗುಲಾಬಿ ಬಣ್ಣದ ಮರಿಗಳನ್ನು ಕಂಡು ಕೆನ್ನೆಗೆ ಕೈ ಇಟ್ಟುಕೊಂಡರು.

“ಮೇಡಂ, ನಿಮ್ಮ ಸೆಂಟಿಗೆ ನನಗೇ ಓಡಿಹೋಗೋಣ ಅನ್ನಿಸ್ತಿದೆ. ಪಂಜರದಲ್ಲಿರೋದು ಎಲ್ಲಿಗೆ ಓಡಬೇಕ್ರೀ?”

ಕೊನೆಗೆ ಕಸ ಗುಡಿಸುವ ಅಕ್ಕ. “ಮೆತ್ತಗಿರಲಿ ಅಂತ ಒಂಚೂರು ಹತ್ತಿ ತಂದೆ ಕಣಣ್ಣ.”

“ಗೂಡು ಮುಟ್ಟಿದರೆ ಕೈ ಮುರೀತೀನಿ!” ಇಲಿಮಾವ ಬಾಗಿಲನ್ನು ದಢಾರೆಂದು ಬಡಿದ. ಕಿಟಕಿಯ ಗಾಜು ನಡುಗಿತು.

ಸಂಜೆ ದೊಡ್ಡ ಸಾರ್ ಬಂದರು. ಮರಿಗಳೆಲ್ಲ ಸುಖವಾಗಿ ಹಾಲು ಕುಡಿಯುತ್ತಿದ್ದವು. ಇಲಿಮಾವ ತಾನೇ ಹೆತ್ತವನಂತೆ ಬೀಗಿದ. ಸಾರ್ ಪಂಜರದ ಹಿಂದಿನಿಂದ ಪುಟ್ಟ ಯಂತ್ರವೊಂದನ್ನು ತೆಗೆದರು.

“ದನಿ ಹಿಡಿಯೋ ಯಂತ್ರ. ಬೆಳಿಗ್ಗೆನೇ ಇಟ್ಟಿದ್ದೆ. ಇಲ್ಲಿ ಗದ್ದಲ ಮಾಡೋದು ಯಾರು ಅಂತ ಗೊತ್ತಾಗಬೇಕಲ್ಲ.”

“ಒಳ್ಳೇ ಕೆಲಸ ಮಾಡಿದ್ರಿ ಸಾರ್! ಒಬ್ಬರನ್ನೂ ಬಿಡಬೇಡಿ!”

ಬಾಗಿಲಲ್ಲಿ ಮೂವರೂ ಬಂದು ನಿಂತರು. ಸಾರ್ ಗುಂಡಿ ಒತ್ತಿದರು. ಒಂದು ಪಿಸುಮಾತು, ಒಂದು ಬಳೆಯ ಸದ್ದು, ಅಕ್ಕನ ಮೆಲುದನಿ. ಅವುಗಳ ನಡುವೆ, ಗರಗಸಕ್ಕೆ ಮೊಳೆ ಸಿಕ್ಕಂತೆ, ದಿನವಿಡೀ ಒಂದೇ ಗಂಟಲು.

“ನಾಳೆಯಿಂದ ಗೋಡೌನಿಗೆ ಹೋಗಿ,” ಎಂದರು ಸಾರ್ ಮೆಲ್ಲಗೆ. “ಇಲ್ಲಿ ಅಕ್ಕ ನೋಡ್ಕೋತಾರೆ.”

ಇಲಿಮಾವ ಕೋಣೆ ಅದುರುವಂತೆ ಕಿರುಚಿದ.

“ಅನ್ಯಾಯ ಸಾರ್! ನಾನು ಯಾವತ್ತು ದನಿ ಎತ್ತಿದ್ದೀನಿ?”

ಪಂಜರದೊಳಗೆ ಬಾಣಂತಿ ಗಕ್ಕನೆ ಎದ್ದಳು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಅವನಿಂದ ಆದಷ್ಟು ದೂರದ ಮೂಲೆಗೆ ಹೊರಟಳು.